ಮೀನು ಹಗುರವಾದ ಬಗೆ

ಇಪ್ಪತ್ತೇಳು ವರ್ಷ ಸೊಸೆಯ ಕೈ ಸೋಕದಂತೆ ಕಾಪಾಡಿಕೊಂಡು ಬಂದಿದ್ದ ತಗಡಿನ ಡಬ್ಬಿಯನ್ನು ಅತ್ತೆ ಒಂದು ಭಾನುವಾರ ತಾನಾಗಿಯೇ ತಂದು ಊಟದ ಮೇಜಿನ ಮೇಲಿಟ್ಟಳು. ಇಟ್ಟವಳು ಡಬ್ಬಿಯ ಮೇಲಿನ ಕೈಯನ್ನು ಕೂಡಲೇ ತೆಗೆಯಲಿಲ್ಲ. ಎದುರಿಗಿದ್ದ ಸೊಸೆಯೂ ಅವಸರ ತೋರಲಿಲ್ಲ. ತಟ್ಟೆಯಲ್ಲಿ ಉಳಿದಿದ್ದ ನಾಲ್ಕು ತುತ್ತು ಅನ್ನವನ್ನು ಉಂಡು, ನೀರು ಕುಡಿದು, ಕೈ ತೊಳೆದು ಒರೆಸಿಕೊಂಡು ಬಂದು, ಆಮೇಲೆ ಡಬ್ಬಿಯತ್ತ ನೋಡಿದಳು.

"ಏನಿದು?" ಎಂದಳು.

"ಏನೂಂತ ನಿಂಗೆ ಗೊತ್ತಿಲ್ವಾ?" ಎಂದಳು ಅತ್ತೆ.

"ಗೊತ್ತಿತ್ತು. ಮುಟ್ಟಬೇಡ ಅಂದಿದ್ರಲ್ಲ, ಮರೆತುಬಿಟ್ಟೆ."

ಮೇಜಿನ ಆ ತುದಿಯಲ್ಲಿ ಕುಳಿತಿದ್ದ ನಾದಿನಿ ಮುಖವನ್ನು ಬೇರೆ ಕಡೆಗೆ ತಿರುಗಿಸಿಕೊಂಡಳು. ಈ ಸಂದರ್ಭವನ್ನು ತಂದುಕೊಂಡವಳು ಅವಳೇ. ಅತ್ತೆಗೆ ಎಪ್ಪತ್ತೆಂಟು ದಾಟಿತ್ತು. ಬಚ್ಚಲಲ್ಲಿ ಒಮ್ಮೆ ಜಾರಿ ಬಿದ್ದ ಮೇಲೆ, ಕೈಕಾಲು ಗಟ್ಟಿಯಿರುವಾಗಲೇ ಡಬ್ಬಿಯನ್ನು ಹಂಚಿಬಿಡುತ್ತೇನೆಂದು ಹೊರಟಿದ್ದಳು. ಹಂಚುವ ಮುನ್ನ ಯಾವುದು ಎಷ್ಟು ಹಳೆಯದೆಂದು ತಿಳಿಯಬೇಕೆಂಬ ಹಟ ನಾದಿನಿಯದು. ಹಳೆಯದಕ್ಕೆ ಬೆಲೆಯೂ ಹೆಚ್ಚು, ಹೇಳಿಕೊಳ್ಳುವುದಕ್ಕೆ ಗೌರವವೂ ಹೆಚ್ಚು. ಡಬ್ಬಿಯನ್ನು ಕಂಕುಳಲ್ಲಿ ಇರುಕಿಕೊಂಡು ಅವಳು ಪೇಟೆಯ ದೊಡ್ಡ ಅಂಗಡಿಗೆ ಹೋಗಿದ್ದಳು. ಅಲ್ಲಿಯ ಯಜಮಾನ ತಿರುಗಿಸಿ ನೋಡಿ, ಹಳೆಯ ಕೆಲಸಕ್ಕೆ ಕಾಲ ಹೇಳುವುದು ತಮ್ಮಿಂದಾಗದು, ಈ ಊರಿನಲ್ಲಿ ಅದು ಬಲ್ಲವರು ಒಬ್ಬರೇ, ಹಿಂದಿನ ಓಣಿಯ ರಿಪೇರಿ ಅಂಗಡಿಯ ಭೂತಗನ್ನಡಿ ಅಮ್ಮ, ಅವರ ಹತ್ತಿರ ಹೋಗಿ ಎಂದು ಬಾಗಿಲವರೆಗೂ ಬಂದು ದಾರಿ ತೋರಿಸಿದ್ದ. ಭೂತಗನ್ನಡಿ ಅಮ್ಮನೆಂದರೆ ಬೇರೆ ಯಾರೂ ಅಲ್ಲ. ಕೊರಳಿಗೆ ಕಪ್ಪು ದಾರದಲ್ಲಿ ಭೂತಗನ್ನಡಿ ನೇತುಹಾಕಿಕೊಂಡು ಇಪ್ಪತ್ತೆರಡು ವರ್ಷದಿಂದ ಆ ಅಂಗಡಿಯಲ್ಲಿ ಕುಳಿತಿದ್ದ ಇದೇ ಅತ್ತಿಗೆ. ಬಿಸಿ ತುತ್ತನ್ನು ಉಗುಳಲೂ ಆಗದೆ ನುಂಗಲೂ ಆಗದೆ ನಾದಿನಿ ಮನೆಗೆ ಹಿಂದಿರುಗಿದ್ದಳು.

ಡಬ್ಬಿಯಲ್ಲಿದ್ದದ್ದು ಒಂದು ಸರ, ಅದಕ್ಕೆ ಸಣ್ಣ ಕೊಂಡಿಗಳಿಂದ ತೂಗುಬಿಟ್ಟ ಆರು ಬಂಗಾರದ ಗೊಂಬೆಗಳು: ಮೀನು, ಕೀಲಿಕೈ, ಚಪ್ಪಲಿ, ಲಾಟೀನು, ಎಲೆ, ಗುಬ್ಬಿ. ಅತ್ಯಂತ ದೊಡ್ಡದಾದ ಮೀನೂ ಹೆಬ್ಬೆರಳ ತುದಿಯನ್ನು ಮೀರದು; ಗುಬ್ಬಿಯಂತೂ ಬಟಾಣಿ ಕಾಳಿನಷ್ಟು. ಏಳನೆಯದೊಂದು ಆಮೆ. ಅದು ಬೇರೆ ದಾರದಲ್ಲಿ ಸದಾಕಾಲ ಅತ್ತೆಯ ಕೊರಳಲ್ಲೇ ಇರುತ್ತಿತ್ತು. ಐದು ತಲೆಮಾರಿನ ಗಟ್ಟಿ ಬಂಗಾರ ಎಂಬುದು ಅತ್ತೆಯ ಮಾತು. ನೆಂಟರಿಷ್ಟರಿಗೆಲ್ಲ ಅದು ಬಾಯಿಪಾಠವಾಗಿತ್ತು.

ಅತ್ತೆ ಹಂಚಿಕೆಯ ಕ್ರಮವನ್ನು ಮೊದಲೇ ಹೇಳಿಬಿಟ್ಟಳು. ಅರವತ್ತು ವರ್ಷಕ್ಕಿಂತ ಹಳೆಯವೆಲ್ಲ ಮಗಳಿಗೆ, ಏಕೆಂದರೆ ಅವು ರಕ್ತದಲ್ಲಿ ಉಳಿಯಬೇಕಾದವು. ಅದರ ಈಚಿನವು ಸೊಸೆಗೆ. ಹೇಳುವಾಗ ಅವಳ ಮುಖದಲ್ಲಿ ಒಂದು ನಗೆಯಿತ್ತು. ಈಚಿನವು ಒಂದೂ ಇಲ್ಲವೆಂಬ ಧೈರ್ಯದ ನಗೆ.

"ಆಗಬಹುದು," ಎಂದಳು ಸೊಸೆ. "ಆಮೇಲೆ ಮಾತು ಬದಲಾಯಿಸಬಾರದು. ನೋಡೋದು ಇದೇ ಮೇಜಿನ ಮೇಲೆ, ಭಾನುವಾರದ ಊಟಕ್ಕೆ ಎಲ್ಲರೂ ಕೂತಿರುವಾಗ. ಚಿಕ್ಕಮಾವನೂ ಇರಬೇಕು."

"ಅವನ್ಯಾಕೆ?"

"ಅವತ್ತೂ ಇದ್ರಲ್ಲ."

ಅವತ್ತು ಎಂದರೆ ಯಾವತ್ತೆಂದು ಅಲ್ಲಿ ಯಾರೂ ಕೇಳಲಿಲ್ಲ. ಕೇಳಬಹುದಾಗಿದ್ದವಳು ಸೊಸೆಯ ಮಗಳೊಬ್ಬಳೇ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಆ ಹುಡುಗಿ ಬೆಳಗಿನ ಪಾಳಿ ಮುಗಿಸಿ ಇನ್ನೂ ಮನೆಗೆ ಬಂದಿರಲಿಲ್ಲ.

ಸೊಸೆ ಈ ಮನೆಗೆ ಬಂದ ಎಂಟನೆಯ ತಿಂಗಳಿನ ಸಂಗತಿ ಅದು. ನಾದಿನಿಯ ಮದುವೆಗೆ ವಾರವಿತ್ತು. ಸರವನ್ನು ಹುಡುಗಿಯ ಕೊರಳಿಗೆ ಹಾಕುವ ಮುನ್ನ ತೂಗಿದಾಗ ಮೀನು ಎರಡು ಗ್ರಾಂ ಕಡಿಮೆ ಬಂತು. ತೀರಿಹೋಗಿದ್ದ ಮಾವ ತನ್ನ ಕೈಬರಹದಲ್ಲಿ ಬರೆದಿಟ್ಟಿದ್ದ ತೂಕದ ಚೀಟಿ ಡಬ್ಬಿಯಲ್ಲೇ ಇತ್ತು. ಅದರಲ್ಲಿ ಮೀನಿಗೆ ಆರು ಗ್ರಾಂ ಎಂದಿತ್ತು. ಆ ದಿನ ಹನ್ನೊಂದು ಜನ ಊಟಕ್ಕೆ ಕುಳಿತಿದ್ದರು. ಅನ್ನ ಬಡಿಸುತ್ತಿದ್ದ ಸೊಸೆಯ ಕೈಯಿಂದ ಸೌಟನ್ನು ಕಿತ್ತುಕೊಂಡು ಅತ್ತೆ, ಅಕ್ಕಸಾಲಿಗನ ಮಗಳು ಮನೆಗೆ ಬಂದಳು, ಮೀನು ಸೊರಗಿತು, ಅಪ್ಪನೂ ಮಗಳೂ ಸೇರಿ ಹಳೆಯದನ್ನು ಕರಗಿಸಿ ಅದರಂತೆಯೇ ಹಗುರವಾದದ್ದೊಂದನ್ನು ಮಾಡಿ ಇಟ್ಟಿದ್ದಾರೆ, ಎಂದಳು. ಸುದ್ದಿ ತಿಳಿದು ಸೊಸೆಯ ತಂದೆ ಓಡಿಬಂದ. ಆ ಮೀನನ್ನು ಒಂದು ಸಲ ಕಣ್ಣಿನಿಂದ ನೋಡಲು ಬಿಡಿ ಎಂದು ಅವನು ಎರಡು ಸಲ ಕೇಳಿದ. ಕದ್ದ ಕೈಗೆ ಮತ್ತೆ ಕೊಡುವುದುಂಟೇ ಎಂದು ಅತ್ತೆ ಎರಡು ಸಲವೂ ಡಬ್ಬಿಯ ಮುಚ್ಚಳ ಒತ್ತಿದಳು. ಅವನು ಹೋಗಿ, ನಾಲ್ಕು ದಿನ ಬಿಟ್ಟು ಬಂದು, ಕಾಗದದಲ್ಲಿ ಸುತ್ತಿದ್ದ ಏನನ್ನೋ ಅತ್ತೆಯ ಕೈಯಲ್ಲಿಟ್ಟು, ಮಗಳ ಕಡೆಗೆ ತಿರುಗಿಯೂ ನೋಡದೆ ಮೆಟ್ಟಿಲಿಳಿದ. ಆಮೇಲೆ ಅವನು ಆ ಮನೆಯ ಮೆಟ್ಟಿಲು ಹತ್ತಲಿಲ್ಲ. ಆರು ವರ್ಷದ ನಂತರ ಸತ್ತ.

ಪರೀಕ್ಷೆಯ ಮೊದಲ ಭಾನುವಾರ ಕೀಲಿಕೈ, ಎಲೆಗಳ ಸರದಿ ಬಂತು. ಬೇಳೆ, ಅನ್ನ, ಆಲೂಗಡ್ಡೆಯ ಪಲ್ಯದ ಪಾತ್ರೆಗಳನ್ನು ಒಂದು ಕಡೆಗೆ ಸರಿಸಿ ಸೊಸೆ ಬಿಳಿಯ ಬಟ್ಟೆ ಹಾಸಿದಳು. ಕಿಟಕಿಯ ಬೆಳಕಿಗೆ ಬೆನ್ನು ಕೊಟ್ಟು, ಭೂತಗನ್ನಡಿಯನ್ನು ಕಣ್ಣಿಗೆ ಸೇರಿಸಿದಳು. ಕೀಲಿಕೈಯ ಅಂಚಿನುದ್ದಕ್ಕೂ ಕೂದಲೆಳೆಯಂಥ ಗೆರೆ ಇತ್ತು. ಎರಡು ಭಾಗದ ಅಚ್ಚಿಗೆ ಕರಗಿದ ಚಿನ್ನ ಸುರಿದಾಗ ಉಳಿಯುವ ಗೆರೆ ಅದು. ಕೊಂಡಿಯ ತಂತಿ ಎಲ್ಲಿ ಅಳೆದರೂ ಒಂದೇ ದಪ್ಪ; ಕೈಯಿಂದ ಎಳೆದ ತಂತಿ ಹಾಗಿರುವುದಿಲ್ಲ, ಯಂತ್ರದ್ದು ಹಾಗಿರುತ್ತದೆ. ಕಾರ್ಖಾನೆಯ ಮಾಲು, ಐವತ್ತು ವರ್ಷ, ಎಂದು ಅವಳು ಪಟ್ಟಿಯಲ್ಲಿ ಬರೆದಳು. ಎಲೆಯ ಬೆನ್ನಿನ ಮೇಲೆ ಶುದ್ಧತೆಯ ಮುದ್ರೆಯೇ ಇತ್ತು. ನಲವತ್ತು ವರ್ಷ.

ಕೀಲಿಕೈಯನ್ನು ತನ್ನ ಅತ್ತೆಯ ಅತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದುದನ್ನು ಕಣ್ಣಾರೆ ಕಂಡವರಿದ್ದಾರೆಂದು ಅತ್ತೆ ವಾದಿಸಿದಳು.

"ಹಾಗಾದ್ರೆ ಆ ಅಜ್ಜಿ ಇನ್ನೂ ಎಲ್ಲೋ ಬದುಕಿರಬೇಕು ಅಜ್ಜಿ," ಎಂದಳು ನರ್ಸ್ ಮಗಳು. "ಹುಡುಕಿಸೋಣ್ವಾ?"

ಮಾವನ ತಮ್ಮನಾದ ಚಿಕ್ಕಮಾವನಿಗೆ ಒಂದು ಕಿವಿ ಮಂದ, ಹಸಿವು ಚುರುಕು. ಅವನು ಆಲೂಗಡ್ಡೆ ಪಲ್ಯ ಇನ್ನಷ್ಟು ಹಾಕಿಸಿಕೊಂಡು, ಈ ಪರೀಕ್ಷೆ ಎಷ್ಟು ಭಾನುವಾರ ನಡೆಯುತ್ತದೆಂದು ವಿಚಾರಿಸಿದ. ನಾಲ್ಕು ಎಂದು ಕೇಳಿ ಸಂತೋಷಪಟ್ಟ.

ಎರಡನೆಯ ಭಾನುವಾರ ಲಾಟೀನೂ ಚಪ್ಪಲಿಯೂ ನಿಜವಾಗಿ ಹಳೆಯವೆಂದು ತಿಳಿದುಬಂತು. ಲಾಟೀನಿನ ಸರಳುಗಳನ್ನು ಕೈಯಿಂದಲೇ ಕತ್ತರಿಸಿ, ಒಂದೊಂದನ್ನೂ ಬೇರೆಯಾಗಿ ಬೆಸೆದಿದ್ದರು. ಚಪ್ಪಲಿಯ ಅಟ್ಟೆ, ಪಕ್ಕದ ಲಾಟೀನು ಬಡಿದೂ ಬಡಿದೂ ಹಳ್ಳ ಬಿದ್ದಿತ್ತು. ಒಂದರ ಮೈಯ ಸವೆತಕ್ಕೆ ಇನ್ನೊಂದರ ಅಂಚು ಸರಿಯಾಗಿ ಕೂಡುತ್ತಿತ್ತು; ಎರಡೂ ಅಕ್ಕಪಕ್ಕದಲ್ಲಿ ತೂಗಾಡಿ ಎಂಬತ್ತು ವರ್ಷವಾದರೂ ಆಗಿರಬೇಕು. ಸೊಸೆ ಹಾಗೆಯೇ ಬರೆದಳು, ಒಂದು ವರ್ಷವನ್ನೂ ಕದಿಯಲಿಲ್ಲ. ನಾದಿನಿಗೆ ಆಶ್ಚರ್ಯವಾಯಿತು. ಅತ್ತಿಗೆ ಹಗೆಯಿಂದ ಎಲ್ಲವನ್ನೂ ಹೊಸದೆಂದು ಬರೆದಾಳು ಎಂದು ಜಗಳಕ್ಕೆ ಸಿದ್ಧಳಾಗಿ ಬಂದಿದ್ದವಳಿಗೆ ಕಾರಣವೇ ಸಿಗಲಿಲ್ಲ. ಹೋಗುವಾಗ ಅಡುಗೆಮನೆಗೆ ಬಂದು, "ಅತ್ತಿಗೆ, ನೀವು ಮನಸ್ಸಿನಲ್ಲಿ ಏನೂ ಇಟ್ಟುಕೊಂಡಿಲ್ಲ, ಒಳ್ಳೇದಾಯ್ತು," ಎಂದಳು.

ಸೊಸೆ ಪಾತ್ರೆ ಉಜ್ಜುತ್ತಿದ್ದಳು. ಇಟ್ಟುಕೊಳ್ಳಲು ಬೇರೆ ಜಾಗಗಳೂ ಇವೆ ಎಂದಷ್ಟೇ ಹೇಳಿ ನೀರಿನ ನಲ್ಲಿಯನ್ನು ಜೋರಾಗಿ ತಿರುಗಿಸಿದಳು.

ಮೂರನೆಯ ಭಾನುವಾರ ಗುಬ್ಬಿಯದು. ನಾದಿನಿಗೆ ಎಲ್ಲಕ್ಕಿಂತ ಪ್ರೀತಿಯದು ಗುಬ್ಬಿ. ಮದುವೆಯ ಹೊತ್ತಿಗೆ ಅದನ್ನು ಸರಕ್ಕೆ ಸೇರಿಸುವಾಗ ಅಮ್ಮ ಹೇಳಿದ್ದಂತೆ, ಅದು ಅಮ್ಮನ ಅಜ್ಜಿಯದೆಂದು ಅವಳು ತನ್ನ ಹೊಲಿಗೆ ಅಂಗಡಿಗೆ ಬರುವ ಹೆಂಗಸರಿಗೆಲ್ಲ ಹೇಳಿದ್ದಳು. ರೆಕ್ಕೆಯ ಒಂದೊಂದು ಗರಿಯೂ ಎಣಿಸುವಂತಿತ್ತು. ಸೊಸೆ ಅದನ್ನು ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ನೋಡಿದಳು. ಆಮೇಲೆ ತನ್ನ ಕೆಲಸದ ಪೆಟ್ಟಿಗೆಯಿಂದ ಕಡ್ಡಿಯಂಥದೊಂದು ಉಳಿಯನ್ನು ತೆಗೆದು ಬಟ್ಟೆಯ ಮೇಲಿಟ್ಟಳು. ಮುರಿದ ಕೊಡೆಯ ಕಡ್ಡಿಯನ್ನು ಮಸೆದು ಮಾಡಿದ ಉಳಿ ಅದು. ತುದಿಯಲ್ಲಿ ಸಣ್ಣದೊಂದು ಬಳೆಯಂಥ ಸುತ್ತು, ಆ ಸುತ್ತಿನಲ್ಲಿ ಒಂದು ಕಡೆ ಮುಕ್ಕು. ಭೂತಗನ್ನಡಿಯನ್ನು ಅವಳು ನಾದಿನಿಯ ಕೈಗೆ ಕೊಟ್ಟಳು.

"ಗುಬ್ಬಿ ಕಣ್ಣು ನೋಡು. ಸುತ್ತು ಪೂರ್ತಿ ಇದೆಯಾ?"

"ಇಲ್ಲ. ಒಂದು ಕಡೆ ಮುರಿದಿದೆ."

"ಈ ಉಳಿ ತುದಿ ನೋಡು."

ನಾದಿನಿ ನೋಡಿದಳು. ಎರಡು ಸಲ ನೋಡಿದಳು. ಕನ್ನಡಿಯನ್ನು ಅಣ್ಣನಿಗೆ ದಾಟಿಸಿದಳು. ನೀರಿನ ಕಚೇರಿಯಲ್ಲಿ ಮೀಟರುಗಳ ಅಂಕಿ ಓದಿ ಓದಿ ಸಣ್ಣದನ್ನು ಗುರುತಿಸುವ ಅಭ್ಯಾಸವಿದ್ದ ಅವನು ನೋಡಿ, ಕನ್ನಡಿಯನ್ನು ಮಗಳಿಗೆ ಕೊಟ್ಟ.

"ಇದು ನಮ್ಮಪ್ಪನ ಉಳಿ," ಎಂದಳು ಸೊಸೆ. "ಗುಬ್ಬಿಗೆ ಇಪ್ಪತ್ತೇಳು ವರ್ಷ. ನಮ್ಮಮ್ಮನ ಓಲೆ ಮುರಿದು ಮಾಡಿದ್ದು. ಎರಡು ಗ್ರಾಂಗೆ ಎರಡೂಕಾಲು ಇಟ್ಟುಕೊಟ್ರು, ಕಡಿಮೆ ಆಯ್ತು ಅನ್ನೋ ಮಾತು ಬರಬಾರದು ಅಂತ."

ಸೊಸೆಯ ಲೆಕ್ಕದಂತೆ ಅತ್ತೆ ಈಗ ತಲೆ ತಗ್ಗಿಸಬೇಕಾಗಿತ್ತು. ಅತ್ತೆ ತಲೆ ಎತ್ತಿದಳು.

"ಸರಿ, ನಾನು ಅಜ್ಜಿದು ಅಂದಿದ್ದು ಮನೆ ಮಾನ ಉಳಿಸೋಕೆ. ಈಗ ನೀನೇ ಬಾಯಿಬಿಟ್ಟೆಯಲ್ಲ, ಎಲ್ಲರೂ ಕೇಳಿ. ಕದೀದೇ ಇದ್ದಿದ್ರೆ ನಿಮ್ಮಪ್ಪ ಯಾಕಮ್ಮ ದಂಡ ಕಟ್ಟಿದ? ಒಪ್ಪಿಕೊಂಡೇ ತಾನೇ ಕೊಟ್ಟಿದ್ದು?"

ನರ್ಸ್ ಮಗಳಿಗೆ ಈ ಕಥೆಯೇ ಗೊತ್ತಿರಲಿಲ್ಲ. ಅವಳು ಅಮ್ಮನ ಮುಖವನ್ನೂ ಅಜ್ಜಿಯ ಮುಖವನ್ನೂ ಅಪ್ಪನ ತಟ್ಟೆಯನ್ನೂ ಒಂದಾದ ಮೇಲೊಂದರಂತೆ ನೋಡಿದಳು. ಸೊಸೆ ಪಟ್ಟಿಯಲ್ಲಿ 'ಗುಬ್ಬಿ, ಇಪ್ಪತ್ತೇಳು ವರ್ಷ, ಗಟ್ಟಿ ಬಂಗಾರ' ಎಂದು ಬರೆದು ಲೇಖನಿಯ ಮುಚ್ಚಳ ಹಾಕಿದಳು. ಬರೆಯುವಾಗ ಅಕ್ಷರ ಕೆಡಲಿಲ್ಲ. ಆಮೇಲೆ ಮೇಜಿನ ಪಾತ್ರೆಗಳನ್ನು ಎತ್ತತೊಡಗಿದಳು.

ಆ ವಾರ ಮನೆಯಲ್ಲಿ ಅಡುಗೆ ನಡೆಯಿತು, ಮಾತು ನಡೆಯಲಿಲ್ಲ. ಅತ್ತೆಯ ತಟ್ಟೆ ಹೊತ್ತಿಗೆ ಸರಿಯಾಗಿ ಅವಳ ಮುಂದೆ ಬರುತ್ತಿತ್ತು; ತಟ್ಟೆಯ ಹಿಂದೆ, ಇನ್ನೊಂದಿಷ್ಟು ಹಾಕಲೇ ಎಂಬ ಮಾತು ಬರುತ್ತಿರಲಿಲ್ಲ. ಬುಧವಾರ ಬೆಳಿಗ್ಗೆ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ ಅಪ್ಪನನ್ನು ಮಗಳು ನೇರವಾಗಿ ಹಿಡಿದಳು. ಆವತ್ತು ಹನ್ನೊಂದು ಜನರ ಮುಂದೆ ಅಜ್ಜಿ ಅಮ್ಮನನ್ನು ಕಳ್ಳಿ ಎಂದಾಗ ನೀವೇನು ಹೇಳಿದಿರಿ, ಎಂದು ಕೇಳಿದಳು. ಅವನು ಚಾಕುವನ್ನು ಕೆಳಗಿಟ್ಟು, ಮತ್ತೆ ಎತ್ತಿಕೊಂಡ.

"ನಾನು ಅನ್ನ ಕಲೆಸ್ತಾ ಇದ್ದೆ," ಎಂದ.

"ಅಷ್ಟೇನಾ?"

"ಅಷ್ಟೇ."

ಒಲೆಯ ಬಳಿ ನಿಂತಿದ್ದ ಸೊಸೆ ಇದನ್ನು ಕೇಳಿಸಿಕೊಂಡಳು. ಗಂಡ ಸುಳ್ಳು ಹೇಳಲಿಲ್ಲ ಎಂಬುದೊಂದನ್ನು ಅವನ ಪಾಲಿಗೆ ಜಮಾ ಮಾಡಿ, ಚಹಾ ಸೋಸಿ ಅವನ ಮುಂದಿಟ್ಟಳು. ಅದೇ ದಿನ ಮಗಳು ಅವಳನ್ನೂ ಕೇಳಿದಳು: ಅಜ್ಜಿ ಹೇಳಿದ್ದಕ್ಕೆ ಉತ್ತರ ಇದ್ದರೆ ಕೊಟ್ಟುಬಿಡು, ವಾರಗಟ್ಟಲೆ ಯಾಕೆ ಎಳೆಯುತ್ತೀಯ? ಇಪ್ಪತ್ತೇಳು ವರ್ಷ ತಾನು ಎಳೆಸಿಕೊಂಡಿಲ್ಲವೇ ಎಂದಳು ಸೊಸೆ. ಉತ್ತರ ಹದಿನೈದು ವರ್ಷದಿಂದ ಅವಳ ಬಳಿ ಇತ್ತು. ಅಂಗಡಿಗೆ ರಿಪೇರಿಗೆ ಬಂದ ಒಂದು ಹಳೆಯ ಕಡಗದ ಹೊಟ್ಟೆಯನ್ನು ಬಿಚ್ಚಿದ ದಿನ ಸಿಕ್ಕಿದ ಉತ್ತರ ಅದು. ಮೀನನ್ನು ಕೈಯಲ್ಲಿ ಹಿಡಿಯದೆ ಅದನ್ನು ಯಾರ ಮುಂದೆಯೂ ನಿಲ್ಲಿಸುವಂತಿರಲಿಲ್ಲ; ಹಿಡಿಯಲು ಕೊಡಿ ಎಂದು ಕೇಳಿದರೆ ಅಪ್ಪನಿಗೆ ಸಿಕ್ಕಿದ ಉತ್ತರವೇ ಅವಳಿಗೂ ಸಿಗುತ್ತಿತ್ತು. ಆದ್ದರಿಂದ ಅವಳು ಕೇಳಿರಲಿಲ್ಲ. ಅವರೇ ತಂದು ಕೈಯಲ್ಲಿಡಲಿ ಎಂದು ಕಾದಿದ್ದಳು.

ನಾಲ್ಕನೆಯ ಭಾನುವಾರ ಮೀನು ಬಟ್ಟೆಯ ಮೇಲೆ ಬಂತು. ಸೊಸೆ ಅದನ್ನು ಬೆರಳಿನಲ್ಲಿ ಹಿಡಿದದ್ದು ಅದೇ ಮೊದಲ ಸಲ. ಬಾಲದಡಿಯಲ್ಲಿ ಸೂಜಿಯ ಮೊನೆಯಷ್ಟು ದೊಡ್ಡದೊಂದು ತೂತಿತ್ತು. ಅವಳು ನಿರೀಕ್ಷಿಸಿದ್ದ ಜಾಗದಲ್ಲೇ ಇತ್ತು. ತೂತಿನ ಒಳ ಅಂಚಿನಲ್ಲಿ ಒಣಗಿದ ರಕ್ತದ ಬಣ್ಣದ ಒಂದು ಚುಕ್ಕೆ. ಅದರ ವಿಷಯ ಆ ದಿನ ಅವಳು ಎತ್ತಲೇ ಇಲ್ಲ. ತೆಳುವಾದ ಎರಡು ತಗಡುಗಳನ್ನು ಅಚ್ಚಿನಲ್ಲಿ ಒತ್ತಿ, ಅಂಚಿಗೆ ಅಂಚು ಸೇರಿಸಿ ಬೆಸೆದ ಕೆಲಸ ಇದು. ಹುರುಪೆಗಳನ್ನು ಕೊರೆದ ಕೈ ಎಡಗೈ, ಗೆರೆಗಳು ಎಲ್ಲವೂ ಎಡಕ್ಕೆ ಬಾಗಿವೆ. ನೂರಿಪ್ಪತ್ತು ವರ್ಷಕ್ಕೆ ಕಡಿಮೆಯಿಲ್ಲ, ಎಂದಳು.

"ಕೇಳಿಸ್ತಾ?" ಎಂದಳು ಅತ್ತೆ ಮಗಳತ್ತ ತಿರುಗಿ, ಮರುಕ್ಷಣ ತಾನೇ ಹೇಳಿಕೊಂಡು ಬಂದ ಮಾತು ನೆನಪಾಗಿ ತುಟಿ ಬಿಗಿದಳು. ಮೀನು ನೂರಿಪ್ಪತ್ತು ವರ್ಷದ್ದಾದರೆ, ಹಳೆಯದನ್ನು ಕರಗಿಸಿ ಹೊಸದು ಮಾಡಿಟ್ಟರೆಂಬ ಕಥೆಗೆ ಎಲ್ಲಿ ಜಾಗ?

ಆದರೂ ಅತ್ತೆ ಸೋಲುವವಳಲ್ಲ. ಕರಗಿಸದಿದ್ದರೇನಂತೆ, ಒಳಗಿನಿಂದ ಕೆರೆದು ತೆಗೆದಿರಬಹುದು, ತೂಕ ಹೋದದ್ದಂತೂ ಹೋಯಿತಲ್ಲ, ಎಂದಳು. ಸೊಸೆ ಅದಕ್ಕೆ ಎದುರಾಡಲಿಲ್ಲ. ಕೊರಳಿನಲ್ಲಿರುವ ಆಮೆಯ ಚಿಪ್ಪಿನ ಗೆರೆಗಳೂ ಎಡಕ್ಕೇ ಬಾಗಿರುವಂತೆ ಕಾಣುತ್ತದೆ, ಒಂದೇ ಕೈಯ ಜೋಡಿ ಇದ್ದರೂ ಇರಬಹುದು, ಮುಂದಿನ ವಾರ ಅದನ್ನೂ ನೋಡಿ ಪಟ್ಟಿ ಮುಗಿಸೋಣ, ಎಂದಷ್ಟೇ ಹೇಳಿದಳು. ಅತ್ತೆ ಆಮೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ಇದು ತನ್ನ ಹೆಣದ ಮೇಲಿಂದಲೇ ಕೆಳಗಿಳಿಯುವುದು ಎಂದಳು. ನಾದಿನಿ ಮಾತ್ರ ಜೋಡಿ ಎಂಬ ಮಾತಿಗೆ ಕಿವಿ ನೆಟ್ಟಗೆ ಮಾಡಿದ್ದಳು. ನೂರಿಪ್ಪತ್ತು ವರ್ಷದ ಜೋಡಿ. ಆ ವಾರವಿಡೀ ಅವಳು ದಿನಕ್ಕೆರಡು ಸಲ ಬಂದು, ಅಮ್ಮನ ಕಾಲೊತ್ತಿ, ತಲೆ ಬಾಚಿ, ಶನಿವಾರದ ಹೊತ್ತಿಗೆ ಅಮ್ಮನನ್ನು ಒಪ್ಪಿಸಿದಳು.

ಐದನೆಯ ಭಾನುವಾರ ಎಲ್ಲರೂ ಬಂದು ಕೂರುವಷ್ಟರಲ್ಲಿ ಮೇಜಿನ ನಡುವೆ ಮೂರು ವಸ್ತುಗಳಿದ್ದವು: ಅಂಗಡಿಯ ತೂಕದ ಯಂತ್ರ, ಬಟ್ಟೆ ಸೋಡಾದ ಪೊಟ್ಟಣ, ಹಳೆಯದೊಂದು ಹಿತ್ತಾಳೆಯ ತಪ್ಪಲೆ. ತಪ್ಪಲೆಯ ಹೊರಮೈ ಕಿಲುಬು ಹಿಡಿದಿತ್ತು. ಒಳಗೆ ತಳದ ಸುತ್ತಲೂ ಕಪ್ಪುಗೆಂಪಿನ ಒಂದು ಉಂಗುರ ಅಂಟಿಕೊಂಡಿತ್ತು.

"ಇದನ್ನ ಎಲ್ಲಿಂದ ತೆಗೆದೆ? ಯಾವತ್ತೋ ಬಿಸಾಕಿದ್ದಲ್ವಾ?" ಎಂದಳು ಅತ್ತೆ.

"ನೀವು ಬಿಸಾಕಿದ್ರಿ. ನಾನು ಅಟ್ಟಕ್ಕೆ ಹಾಕಿದ್ದೆ."

ಆಮೇಲೆ ಅವಳು ನಿಧಾನವಾಗಿ, ಚಿಕ್ಕಮಾವನ ಮಂದ ಕಿವಿಗೂ ಕೇಳಿಸುವ ಹಾಗೆ, ಆ ಮದುವೆಯ ವಾರದ ಸಂಗತಿಯನ್ನು ಹೇಳಿದಳು. ಅಲ್ಲಿಯವರೆಗೆ ಸರವನ್ನು ಸಾಬೂನಿನ ನೀರಿನಲ್ಲಿ ಅದ್ದಿ ತೊಳೆಯುತ್ತಿದ್ದರು. ಸೋಡಾ ಹಾಕಿ ಕುದಿಸಿದರೆ ಹೊಳಪು ಬರುತ್ತದೆಂದು ಪಕ್ಕದ ಮನೆಯಾಕೆ ಹೇಳಿದ್ದಳು. ಈ ತಪ್ಪಲೆಯಲ್ಲಿ ನೀರಿಟ್ಟು, ಸೋಡಾ ಸುರಿದು, ಸರ ಹಾಕಿದವಳು ಅತ್ತೆ. ನಾನು ಹೇಳುವವರೆಗೆ ಇಳಿಸಬೇಡ ಎಂದು ಸೊಸೆಯನ್ನು ಒಲೆಯ ಮುಂದೆ ಕೂರಿಸಿ, ಪಕ್ಕದ ಮನೆಗೆ ಮಾತಿಗೆ ಹೋದವಳೂ ಅತ್ತೆ. ನೀರು ಕೆಂಪಗಾಗುತ್ತಿದೆ ಎಂದು ಸೊಸೆ ಹೋಗಿ ಕರೆದಾಗ, ನಿನ್ನ ಅಗ್ಗದ ಬಳೆಗಳ ಬಣ್ಣ ಬಿಟ್ಟಿರಬೇಕು ಎಂದು ನಾಲ್ಕು ಜನರ ಮುಂದೆ ನಕ್ಕಿದ್ದಳು. ನೀರು ಇಂಗಿ ತಳ ಹತ್ತಿತು. ತಪ್ಪಲೆ ಸುಟ್ಟಿದ್ದಕ್ಕೆ ಬೈಗುಳ ಸೋಮವಾರ ಬಂತು. ಮೀನು ಕದ್ದಿದ್ದಕ್ಕೆ ಬೈಗುಳ ಗುರುವಾರ ಬಂತು. ಎರಡೂ ಒಂದೇ ಒಲೆಯ ಮೇಲೆ ಆದದ್ದೆಂದು ಯಾರಿಗೂ ಹೊಳೆಯಲಿಲ್ಲ.

"ಗಟ್ಟಿ ಬಂಗಾರ ಅಂತೀರಲ್ಲ ಅತ್ತೆ. ಇಷ್ಟು ದಪ್ಪದ ಮೀನು ಗಟ್ಟಿಯಾಗಿದ್ರೆ ಆರು ಗ್ರಾಂ ಅಲ್ಲ, ಮೂವತ್ತು ತೂಗಬೇಕು. ಇದು ಬರೀ ಚಿಪ್ಪು. ಹೊಟ್ಟೇಲಿ ಅರಗು ತುಂಬಿರ್ತಾರೆ, ತಗ್ಗಬಾರದು ಅಂತ. ಸೋಡಾ ನೀರಲ್ಲಿ ಕುದಿಸಿದ್ರೆ ಅರಗು ಕರಗಿ ತೂತಿನಿಂದ ಆಚೆ ಬರುತ್ತೆ. ನಮ್ಮಪ್ಪನಿಗೆ ಒಂದು ಸಲ ತೋರಿಸಿದ್ರೆ ನಿಂತ ಕಾಲಲ್ಲೇ ಹೇಳ್ತಿದ್ರು."

"ಕಥೆ ಚೆನ್ನಾಗಿದೆ," ಎಂದಳು ಅತ್ತೆ.

"ಕಥೆ ಅನ್ನೋದಾದ್ರೆ ನೋಡೇಬಿಡೋಣ. ಆಮೆ ಆ ವಾರ ನಿಮ್ಮ ಕೊರಳಲ್ಲಿತ್ತು. ಅದರ ಹೊಟ್ಟೆ ಇನ್ನೂ ತುಂಬಿದೆ."

ಆಮೆಯನ್ನು ಅವಳು ಯಂತ್ರದ ಮೇಲಿಟ್ಟಳು. ಏಳು ಗ್ರಾಂ ಒಂದು ಕಾಲು. ಗಂಡನಿಗೆ ಅಂಕಿಯನ್ನು ಗಟ್ಟಿಯಾಗಿ ಓದಲು ಹೇಳಿದಳು, ಅವನು ಓದಿದ. ತಪ್ಪಲೆಗೆ ನೀರು, ಸೋಡಾ ಹಾಕಿ ಒಲೆಯ ಮೇಲಿಟ್ಟು, ಆಮೆಯನ್ನು ದಾರದಿಂದ ಹಿಡಿದು ನೀರಿನ ಮೇಲೆ ತೂಗುಬಿಟ್ಟು ನಿಂತಳು. ಅಡುಗೆಮನೆಗೂ ಊಟದ ಮೇಜಿಗೂ ನಡುವೆ ಗೋಡೆಯಿರಲಿಲ್ಲ. ಎಲ್ಲರಿಗೂ ಕಾಣುತ್ತಿತ್ತು.

"ಒಂದೇ ಮಾತು ಅತ್ತೆ. ಯಾರೂ ಕದ್ದಿಲ್ಲ, ನಮ್ಮಪ್ಪ ಕಳ್ಳ ಅಲ್ಲ ಅಂತ ಇಷ್ಟು ಜನರ ಮುಂದೆ ಹೇಳಿ. ಆಮೆ ನಿಮ್ಮ ಕೊರಳಿಗೆ ವಾಪಸ್ ಬರುತ್ತೆ."

ನಾದಿನಿ ಅಮ್ಮನ ತೋಳು ಹಿಡಿದು ಹೇಳಿಬಿಡು ಎಂದಳು. ನರ್ಸ್ ಮಗಳು, ಸಾಕು ಎಂದಳು. ಅಜ್ಜಿಗೋ ಅಮ್ಮನಿಗೋ ಸ್ಪಷ್ಟವಾಗಲಿಲ್ಲ. ಅತ್ತೆ ಕುರ್ಚಿಯಲ್ಲಿ ಬೆನ್ನು ನೇರ ಮಾಡಿಕೊಂಡಳು.

"ಹಾಕು," ಎಂದಳು.

ಸೊಸೆ ದಾರ ಬಿಟ್ಟಳು.

ನೀರು ಕುದಿಯುವಷ್ಟು ಹೊತ್ತು ಸುಮ್ಮನೆ ಕೂರುವುದೆಂದರೆ ಯಾರಿಂದಲೂ ಆಗದು. ಸೊಸೆ ಊಟ ಬಡಿಸಿದಳು. ಅನ್ನ, ಸೊಪ್ಪಿನ ಬೇಳೆ, ಬೇಯಿಸಿದ ಮೊಟ್ಟೆ. ಇಪ್ಪತ್ತೇಳು ವರ್ಷದ ಹಿಂದೆ ಅವಳ ಕೈಯಿಂದ ಕಿತ್ತುಕೊಂಡ ಸೌಟು ಎಂದೋ ಮುರಿದುಹೋಗಿತ್ತು, ಇದು ಬೇರೆಯದು. ಬಡಿಸುತ್ತ ಅವಳು ಅತ್ತೆಯ ಪಕ್ಕಕ್ಕೆ ಬಂದು, ಈ ವಾರಗಳಲ್ಲಿ ಮೊದಲ ಬಾರಿಗೆ, ಇನ್ನೊಂದಿಷ್ಟು ಹಾಕಲೇ ಎಂದು ಕೇಳಿದಳು. ಅತ್ತೆ ತಟ್ಟೆಯನ್ನು ಹಿಂದಕ್ಕೆ ಸರಿಸಿದಳು. ಒಲೆಯ ಮೇಲೆ ತಪ್ಪಲೆ ಗುಳುಗುಳು ಎನ್ನತೊಡಗಿತ್ತು. ಗಂಡ ಅನ್ನ ಕಲೆಸುತ್ತಿದ್ದವನು ಕೈ ನಿಲ್ಲಿಸಿ, ಎದ್ದು ಹೋಗಿ, ತಪ್ಪಲೆಯೊಳಗೆ ಇಣುಕಿದ.

"ಕೆಂಪಗಾಗ್ತಾ ಇದೆ ಅಮ್ಮ," ಎಂದ. ಇಪ್ಪತ್ತೇಳು ವರ್ಷ ತಡವಾಗಿ ಬಂದ ಮಾತು.

ಅತ್ತೆಯೂ ಎದ್ದು ಬಂದಳು. ಮೊದಲು ತಿಳಿಗೆಂಪು, ಆಮೇಲೆ ಬೀಟ್ರೂಟ್ ಬೇಯಿಸಿದ ನೀರಿನ ಬಣ್ಣ; ಅದರಡಿಯಲ್ಲಿ ಆಮೆ ತನ್ನ ಹೊಟ್ಟೆಯಿಂದ ಕಪ್ಪು ದಾರದಂಥದನ್ನು ಬಿಡುತ್ತ ಹೊರಳಾಡುತ್ತಿತ್ತು. ಆ ಬಣ್ಣವನ್ನು ಅತ್ತೆ ಹಿಂದೆ ನೋಡಿರಲಿಲ್ಲ. ನೋಡಲು ಕರೆದಾಗ ಪಕ್ಕದ ಮನೆಯಿಂದ ಎದ್ದು ಬಂದಿರಲಿಲ್ಲ. ಇಳಿಸು ಎಂದು ಅವಳು ಆಗಲೂ ಹೇಳಬಹುದಿತ್ತು. ಹೇಳಲಿಲ್ಲ. ಸೊಸೆಯೂ ಇಳಿಸಲಿಲ್ಲ, ನೀವು ಹೇಳುವವರೆಗೆ ಇಳಿಸುವುದಿಲ್ಲ ಎಂದಳು. ಅತ್ತೆ ತಿರುಗಿ ನಡೆದು ತನ್ನ ಕುರ್ಚಿಯಲ್ಲಿ ಕುಳಿತಳು. ನೀರು ಅರ್ಧಕ್ಕಿಳಿದ ಮೇಲೆ ಗಂಡನೇ ಒಲೆ ಆರಿಸಿದ.

ಒರೆಸಿ ಆರಿಸಿ ಯಂತ್ರದ ಮೇಲಿಟ್ಟಾಗ ನಾಲ್ಕು ಗ್ರಾಂ ಮುಕ್ಕಾಲು ಬಂತು. ಗಂಡ ಗಟ್ಟಿಯಾಗಿ ಓದಿದ, ಈ ಸಲ ಹೇಳಿಸಿಕೊಳ್ಳದೆ. ಸೊಸೆ ಆಮೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದಳು. ಒಳಗೆ ಆಧಾರವಿಲ್ಲದ ಚಿಪ್ಪು ತಗ್ಗಿ ಕುಳಿಬಿತ್ತು.

ಚಿಕ್ಕಮಾವ ಮೊಟ್ಟೆ ನುಂಗಿ, ನೀರು ಕುಡಿದು, ಅತ್ತೆಯತ್ತ ತಿರುಗಿದ.

"ಅತ್ತಿಗೆಮ್ಮ, ಎರಡೂವರೆ ಗ್ರಾಂ ಹೋಯ್ತಲ್ಲ. ಈಗ ಯಾರು ಕದ್ದದ್ದು ಅಂತೀರಿ?"

ಅವನು ಕುಚೋದ್ಯಕ್ಕೆ ಕೇಳಿದನೋ ನಿಜವಾಗಿಯೇ ಕೇಳಿದನೋ ತಿಳಿಯಲಿಲ್ಲ. ಅತ್ತೆಯ ಕೈ ಬರಿದಾದ ಕೊರಳನ್ನು ತಡವಿತು. ಒಲೆ ಮೇಲೆ ಇಟ್ಟವಳು ನಾನೇ, ಎಂದಳು. ಆ ದನಿ ಮೇಜಿನ ಅರ್ಧದವರೆಗೆ ಮಾತ್ರ ತಲುಪಿತು.

"ಚಿಕ್ಕಮಾವನಿಗೆ ಕೇಳಿಸಲಿಲ್ಲ," ಎಂದಳು ಸೊಸೆ.

ಅತ್ತೆ ಇನ್ನೊಮ್ಮೆ ಹೇಳಿದಳು. ಸೊಸೆ ಪಟ್ಟಿಯ ಕಾಗದವನ್ನು ಅವಳ ಮುಂದಕ್ಕೆ ಜರುಗಿಸಿದಳು. ಮೀನು, ನೂರಿಪ್ಪತ್ತು ವರ್ಷ, ಚಿಪ್ಪು ಮಾತ್ರ, ಒಳಗಿನ ಅರಗು ಹೋದದ್ದು ಸೋಡಾ ನೀರಿನಿಂದ, ಕುದಿಸಿದವರು ಮನೆಯ ಹಿರಿಯರು, ಕಳ್ಳತನ ಆಗಿಲ್ಲ. ಕೆಳಗೆ ಸಹಿಗೆ ಜಾಗವಿತ್ತು. ಅತ್ತೆ ಕನ್ನಡಕ ಹುಡುಕುವ ನೆಪದಲ್ಲಿ ಸ್ವಲ್ಪ ಹೊತ್ತು ತಳ್ಳಿದಳು, ಮೊಮ್ಮಗಳೇ ತಂದುಕೊಟ್ಟಳು. ಅತ್ತೆ ಸಹಿ ಹಾಕಿದಳು.

ಹಂಚಿಕೆ ಅತ್ತೆಯ ಮಾತಿನಂತೆಯೇ ನಡೆಯಿತು. ಅರವತ್ತು ದಾಟಿದವೆಲ್ಲ ರಕ್ತಕ್ಕೆ: ಲಾಟೀನು, ಚಪ್ಪಲಿ, ನೂರಿಪ್ಪತ್ತು ವರ್ಷದ ಎರಡು ಖಾಲಿ ಚಿಪ್ಪುಗಳು. ನಾದಿನಿ ಗುಬ್ಬಿಯನ್ನು ಒಂದು ಸಲ ಮುಟ್ಟಿ, ಕೈ ಹಿಂದಕ್ಕೆ ತೆಗೆದುಕೊಂಡಳು. ಹೊಸದೆಂದು ಹೊರಗಿನವಳ ಪಾಲಿಗೆ ಬಂದದ್ದು ಕೀಲಿಕೈ, ಎಲೆ, ಮತ್ತು ಗುಬ್ಬಿ.

ಮರುದಿನ ಮಧ್ಯಾಹ್ನ ಅತ್ತೆ ಸೊಸೆಯನ್ನು ಕೋಣೆಗೆ ಕರೆದು, ಆ ಕಾಗದ ಮನೆಯಲ್ಲೇ ಇರಲಿ, ನೆಂಟರ ಕೈಗೆ ಹೋಗುವುದು ಬೇಡ, ಎಂದಳು. ಕೇಳಿಕೊಂಡಳು ಎಂದರೂ ತಪ್ಪಿಲ್ಲ. ಸೊಸೆ ಆಗಲೇ ಅದರ ಹನ್ನೊಂದು ಪ್ರತಿ ಮಾಡಿಸಿ ಅಂಚೆಗೆ ಹಾಕಿ ಬಂದಿದ್ದಳು, ಆವತ್ತು ಊಟಕ್ಕೆ ಕುಳಿತಿದ್ದವರಿಗೆ ತಲೆಗೊಂದರಂತೆ. ನಾಲ್ವರು ತೀರಿಹೋಗಿದ್ದರು, ಅವರದನ್ನು ಅವರ ಮಕ್ಕಳ ವಿಳಾಸಕ್ಕೆ ಕಳಿಸಿದ್ದಳು. ಒಂದು ಪ್ರತಿ ಅದೇ ಮನೆಯ ವಿಳಾಸಕ್ಕೆ, ಗಂಡನ ಹೆಸರಿಗೆ ಬಂತು. ಇನ್ನೊಂದು ಅತ್ತೆಯ ಹೆಸರಿಗೆ.

ತಪ್ಪಲೆ ಅಟ್ಟಕ್ಕೆ ಹಿಂದಿರುಗಲಿಲ್ಲ. ಸೊಸೆ ಅದರ ಹೊರಮೈಯನ್ನು ಮಾತ್ರ ಫಳಫಳ ಹೊಳೆಯುವಂತೆ ಬೆಳಗಿ, ಊಟದ ಮೇಜಿನ ಎದುರುಗೋಡೆಗೆ ಮೊಳೆ ಹೊಡೆದು ಬಾಯಿ ಮುಂದಾಗಿ ನೇತುಹಾಕಿದಳು. ಅತ್ತೆಯ ಕುರ್ಚಿಯಿಂದ ನೋಡಿದರೆ ನೇರವಾಗಿ ತಳದ ಕಪ್ಪುಗೆಂಪು ಉಂಗುರವೇ ಕಾಣುತ್ತಿತ್ತು. ಅತ್ತೆ ಎರಡು ದಿನ ಕುರ್ಚಿಯನ್ನು ಪಕ್ಕಕ್ಕೆ ತಿರುಗಿಸಿಕೊಂಡು ಉಂಡಳು. ಮೂರನೆಯ ದಿನ ತಟ್ಟೆಯನ್ನು ಕೋಣೆಗೇ ತಂದುಕೊಡು ಎಂದಳು. ಮೇಜು ಇಲ್ಲೇ ಇದೆ ಎಂದಳು ಸೊಸೆ.

ವಾರ ಕಳೆದ ಮೇಲೆ ಮಗಳು ತಡೆಯಲಾರದೆ, ಪಾತ್ರೆ ತೊಳೆಯುತ್ತಿದ್ದ ಅಮ್ಮನ ಪಕ್ಕದಲ್ಲಿ ಬಂದು ನಿಂತಳು. ಅಮ್ಮನ ಕೊರಳಲ್ಲಿ, ಭೂತಗನ್ನಡಿಯ ಕಪ್ಪು ದಾರದಲ್ಲೇ, ಈಗ ಗುಬ್ಬಿಯೂ ಇತ್ತು.

"ಅಮ್ಮ, ಅಜ್ಜಿ ಸರಿಯಾಗಿ ಊಟ ಮಾಡ್ತಿಲ್ಲ. ಆ ತಪ್ಪಲೆ ಒಳಗೂ ತಿಕ್ಕಿ ಎತ್ತಿಟ್ಟುಬಿಡು. ಬೇಕಾದ್ರೆ ನಾನು ತಿಕ್ಕಿಕೊಡ್ತೀನಿ."

"ಅದು ಹೋಗೋದಿಲ್ಲ ಮಗಾ. ಆವತ್ತು ನಿಮ್ಮಜ್ಜಿ ನನ್ನ ಕೈಲಿ ಮೂರು ದಿನ ತಿಕ್ಕಿಸಿದ್ರು. ಉಗುರು ಕಿತ್ತು ಬಂತು, ಕಲೆ ಹೋಗಲಿಲ್ಲ."

"ಹಾಗಂತ ಎಷ್ಟು ದಿನ ಅಲ್ಲೇ ಇರುತ್ತೆ?"

ಸೊಸೆ ತಟ್ಟೆಯ ನೀರು ಕೊಡವಿ, ಬೆಳಕಿಗೆ ಹಿಡಿದು, ಅಂಚಿನಲ್ಲಿ ಕಲೆಯೇನಾದರೂ ಉಳಿದಿದೆಯೇ ಎಂದು ಅಂಗಡಿಯಲ್ಲಿ ನೋಡುವ ಹಾಗೆಯೇ ಸುತ್ತ ತಿರುಗಿಸಿ ನೋಡಿದಳು.

"ಇಪ್ಪತ್ತೇಳು ವರ್ಷ ಆಗಲಿ," ಎಂದಳು. "ಆಮೇಲೆ ಇಬ್ಬರೂ ಸೇರಿ ತಿಕ್ಕೋಣ."